ಅಂಗನವಾಡಿಯ ಅಂಗಳದಲ್ಲಿ ಹಲವು ಮನೆಗಳ ಮಕ್ಕಳು

ಶಿಶುಗಳ ಶಿಕ್ಷಣದ ಮಾತು ಬಂದಾಗಲೆಲ್ಲ ನಮ್ಮ ಸಮಾಜದಲ್ಲಿ ಚರ್ಚೆ ನಡೆಯುವುದು ಶಾಲೆಯ ಶುಲ್ಕ, ಕಲಿಕೆಯ ಮಾಧ್ಯಮ ಮತ್ತು ಮುಂದೆ ಬರಬೇಕಾದ ಅಂಕಗಳ ಕುರಿತು. ಮೂರು ವರ್ಷದ ಕೂಸು ಯಾರ ಪಕ್ಕದಲ್ಲಿ ಕುಳಿತು ಉಣ್ಣಬೇಕು, ಯಾರೊಡನೆ ಆಡಬೇಕು, ತನ್ನ ಮನೆಯ ಮಾತನ್ನು ಅಲ್ಲಿ ಆಡಬಹುದೋ ಆಡಬಾರದೋ ಎಂದು ವಿಚಾರಿಸುವವರು ವಿರಳ. ಆದರೆ ಅಕ್ಷರ ಕಲಿಯುವ ಮೊದಲೇ ಮಗು ಕಲಿತುಬಿಡುವ ಪಾಠಗಳು ಇವೇ. ಮೂರರಿಂದ ಆರು ವರ್ಷದ ಅವಧಿಯಲ್ಲಿ ‘ನಾನು ಇಲ್ಲಿಗೆ ಸಲ್ಲುವವನು’ ಎಂಬ ಭಾವ ಮೂಡಿದ ಮಗು ನಿರ್ಭಯವಾಗಿ ಕಲಿಯುತ್ತದೆ. ‘ನಾನು ಇಲ್ಲಿಗೆ ಸಲ್ಲದವನು’ ಎಂಬ ಭಾವ ಬೇರೂರಿದ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ನೋಡೆಂದು ಹೇಳಿದ ಹಿರಿಯರು, ಮೊಳಕೆಗೆ ಬೇಕಾದ ನೆಲವನ್ನು ಹದ ಮಾಡುವುದನ್ನೂ ಬಲ್ಲವರಾಗಿದ್ದರು.

ಈ ವಿಷಯವನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳನ್ನು ಕಣ್ಣಮುಂದಿಟ್ಟುಕೊಂಡು ವಿಚಾರಿಸುವುದು ಉಚಿತ. ಏಕೆಂದರೆ ಇಲ್ಲಿ ಮಕ್ಕಳ ವೈವಿಧ್ಯವೆಂಬುದು ಗ್ರಂಥದಲ್ಲಿ ಓದಿ ತಿಳಿಯಬೇಕಾದ ಸಂಗತಿಯಲ್ಲ. ಓಣಿಯಿಂದ ಓಣಿಗೆ ಕಾಣುವ ನಿತ್ಯದ ದೃಶ್ಯ. ಆಳಂದವು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ತಾಲೂಕು. ಅಲ್ಲಿಯ ಹಲವು ಮನೆಗಳಲ್ಲಿ ಮರಾಠಿ, ಪೇಟೆಯಲ್ಲಿ ದಖನಿ ಉರ್ದು, ತಾಂಡೆಗಳಲ್ಲಿ ಲಂಬಾಣಿ, ಉಳಿದೆಡೆ ಕನ್ನಡ. ಅದೇ ತಾಲೂಕಿನಲ್ಲಿ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ದತ್ತಾತ್ರೇಯ ಕ್ಷೇತ್ರಕ್ಕೆ ಬರುವ ಮರಾಠಿ ಯಾತ್ರಿಕರ ಮಾತು ಅಲ್ಲಿಯ ಮಕ್ಕಳ ಕಿವಿಗೆ ಹೊಸದಲ್ಲ. ಜೇವರ್ಗಿಯು 17ನೆಯ ಶತಮಾನದ ವಚನಕಾರ ಷಣ್ಮುಖ ಶಿವಯೋಗಿಗಳ ನೆಲ. ಈ ಮೂರೂ ತಾಲೂಕುಗಳಲ್ಲಿ ತೊಗರಿಯ ರಾಶಿಯ ಕಾಲಕ್ಕೆ, ಕಬ್ಬು ಕಡಿಯುವ ಕಾಲಕ್ಕೆ ಮಕ್ಕಳು ತಂದೆ-ತಾಯಿಗಳ ಬೆನ್ನು ಹತ್ತಿ ಊರು ಬಿಡುವುದೂ ಉಂಟು, ಬೇರೆ ಊರಿನ ಮಕ್ಕಳು ಇಲ್ಲಿಗೆ ಬರುವುದೂ ಉಂಟು.

ಇಂಥ ಊರಿನ ಅಂಗನವಾಡಿಯಲ್ಲಿ ಕುಳಿತ ಇಪ್ಪತ್ತು ಮಕ್ಕಳಲ್ಲಿ ತಾಯಿಯನ್ನು ಒಬ್ಬ ‘ಅವ್ವಾ’ ಎಂದು, ಒಬ್ಬ ‘ಆಯಿ’ ಎಂದು, ಒಬ್ಬ ‘ಅಮ್ಮಿ’ ಎಂದು, ಒಬ್ಬ ‘ಯಾಡಿ’ ಎಂದು ಕರೆಯುತ್ತಾನೆ. ಕೂಗು ನಾಲ್ಕು, ತಾಯ್ತನ ಒಂದೇ. ಈ ನಾಲ್ಕು ಕೂಗುಗಳಿಗೂ ಆ ಕೋಣೆಯಲ್ಲಿ ಓಗೊಡುವವರಿದ್ದಾರೆಯೇ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಮನೆಯ ಮಾತು

ನಮ್ಮ ಭಾಗದ ಹಿರಿಯರಿಗೆ ಒಂದು ಸಂಗತಿ ನೆನಪಿರಬಹುದು; ಇಲ್ಲವಾದರೆ ಅವರ ಹಿರಿಯರಿಂದ ಕೇಳಿರಬಹುದು. 1948ರ ಸೆಪ್ಟೆಂಬರ್ ತಿಂಗಳವರೆಗೆ ಈ ಪ್ರದೇಶವು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಮಾಧ್ಯಮವೂ ಉರ್ದು. ಮೇಲಿನ ಶಿಕ್ಷಣ ಬೇಕೆನ್ನುವ ಕನ್ನಡದ ಮಕ್ಕಳು ಮನೆಯಲ್ಲಿ ಆಡದ ಭಾಷೆಯಲ್ಲಿ ಗಣಿತವನ್ನೂ ಇತಿಹಾಸವನ್ನೂ ಕಲಿಯಬೇಕಾಗಿತ್ತು. ಉರ್ದು ಸುಂದರವಾದ ಭಾಷೆ. ಅದನ್ನು ಅಕ್ಕರೆಯಿಂದ ಕಲಿತು ಪ್ರವೀಣರಾದ ಲಿಂಗಾಯತ ಹಿರಿಯರು ನಮ್ಮಲ್ಲಿ ಅನೇಕರಿದ್ದರು. ಆದರೂ ಮನೆಯ ಮಾತಿಗೆ ಶಾಲೆಯಲ್ಲಿ ಸ್ಥಾನವಿಲ್ಲದಿದ್ದರೆ ಮಗುವಿನ ಮನಸ್ಸು ಹೇಗೆ ಕುಗ್ಗುತ್ತದೆಂಬುದನ್ನು ಈ ನಾಡು ಸ್ವಂತ ಅನುಭವದಿಂದ ಬಲ್ಲದು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಇಲ್ಲಿಯ ಜನ ಸಂತೋಷಪಟ್ಟಿದ್ದಕ್ಕೆ ಈ ಅನುಭವವೂ ಒಂದು ಕಾರಣ.

ಇಂದು ಆ ಸ್ಥಾನದಲ್ಲಿ ನಿಂತಿರುವುದು ತಾಂಡೆಯ ಮಗು. ಅದರ ಕಿವಿಯಲ್ಲಿ ಹುಟ್ಟಿನಿಂದ ಬಿದ್ದದ್ದು ಲಂಬಾಣಿ ಮಾತು. ರೊಟ್ಟಿಯನ್ನು ಅದು ‘ಬಾಟಿ’ ಎನ್ನುತ್ತದೆ, ನೀರನ್ನು ‘ಪಾಣಿ’ ಎನ್ನುತ್ತದೆ. ಅಂಗನವಾಡಿಗೆ ಬಂದ ಮೊದಲ ದಿನ ಅದಕ್ಕೆ ಬಾಯಾರಿಕೆಯಾದರೆ ಯಾವ ಶಬ್ದದಿಂದ ಕೇಳಬೇಕು? ಕೇಳಿದಾಗ ಸುತ್ತಲಿನವರು ನಕ್ಕರೆ ಮರುದಿನ ಅದು ಕೇಳುವುದೇ ಇಲ್ಲ. ಹೀಗೆ ಮೌನಕ್ಕೆ ಸರಿದ ಮಗುವನ್ನು ನಾವು ‘ಮಂದಬುದ್ಧಿಯದು’ ಎಂದು ಸುಲಭವಾಗಿ ತೀರ್ಮಾನಿಸುತ್ತೇವೆ. ವಾಸ್ತವದಲ್ಲಿ ಆ ಮಗು ತನ್ನ ಮನೆಯಲ್ಲಿ ಕಥೆ ಹೇಳುತ್ತದೆ, ಹಾಡುತ್ತದೆ, ಜಗಳವಾಡುತ್ತದೆ, ಲೆಕ್ಕ ಮಾಡುತ್ತದೆ. ಬುದ್ಧಿ ಇದೆ, ಬುದ್ಧಿಗೆ ಬಾಗಿಲು ತೆರೆದಿಲ್ಲ.

ಕನ್ನಡದ ಮಗುವಿಗೂ ಈ ಕಷ್ಟ ತಪ್ಪಿದ್ದಲ್ಲವೆಂಬುದನ್ನು ಗಮನಿಸಬೇಕು. ನಮ್ಮ ಮಕ್ಕಳು ‘ಸಾಲಿಗಿ ಬರ್ಲಾಕತ್ತೀನಿ’ ಎನ್ನುತ್ತಾರೆ. ಪುಸ್ತಕದ ಭಾಷೆ ‘ಶಾಲೆಗೆ ಬರುತ್ತಿದ್ದೇನೆ’ ಎನ್ನುತ್ತದೆ. ಮೊದಲನೆಯದು ತಪ್ಪು, ಎರಡನೆಯದು ಸರಿ ಎಂದು ತಿದ್ದತೊಡಗಿದರೆ, ಮಗು ತಿಳಿದುಕೊಳ್ಳುವುದು ‘ನನ್ನ ಅವ್ವ ಆಡುವ ಮಾತೇ ತಪ್ಪು’ ಎಂದು. ಮನೆಯ ಮಾತನ್ನು ಒಪ್ಪಿಕೊಂಡು, ಅದರ ಪಕ್ಕದಲ್ಲಿ ಪುಸ್ತಕದ ಮಾತನ್ನು ಇಟ್ಟು ತೋರಿಸಬೇಕು. ಬಲ್ಲ ಗುರುಗಳು ಮಾಡುವುದು ಇದನ್ನೇ. ಒಂದು ಮುಷ್ಟಿ ತೊಗರಿಯನ್ನು ಮಕ್ಕಳ ಮುಂದೆ ಹರವಿ, ‘ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ?’ ಎಂದು ಕೇಳಿದರೆ ಸಾಕು. ತೊಗರಿ, ತೂರ, ತುವರ್ ಎಂದು ಹೆಸರುಗಳು ಬರುತ್ತವೆ. ಕಾಳು ಎಣಿಸುವ ಹೊತ್ತಿಗೆ ಎಲ್ಲ ಮಕ್ಕಳಿಗೂ ಎಲ್ಲ ಹೆಸರುಗಳೂ ಬಂದಿರುತ್ತವೆ. ಇದಕ್ಕೆ ಹಣ ಬೇಕಿಲ್ಲ, ಯಂತ್ರ ಬೇಕಿಲ್ಲ. ಕೇಳುವ ಮನಸ್ಸು ಬೇಕು.

ಇದು ಒಬ್ಬಿಬ್ಬರ ಅಭಿಪ್ರಾಯವಲ್ಲ. ಸಂವಿಧಾನದ 350-ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ. ಮಾತೃಭಾಷೆಯೇ ಶಿಶುವಿನ ಕಲಿಕೆಗೆ ಉತ್ತಮ ಮಾಧ್ಯಮವೆಂದು 1953ರಲ್ಲಿಯೇ ಯುನೆಸ್ಕೊ ಸಂಸ್ಥೆಯ ತಜ್ಞರು ಸಾರಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿಯ ಹಂತವೆಂದು ಕರೆದು, ಸಾಧ್ಯವಿರುವೆಡೆಯಲ್ಲೆಲ್ಲ ಮನೆಮಾತಿನಲ್ಲಿ ಕಲಿಸಬೇಕೆಂದಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಭಾಷಾ ಮಾಧ್ಯಮ ಪ್ರಕರಣದಲ್ಲಿ ತೀರ್ಪು ನೀಡುತ್ತ, ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರಲಾಗದೆಂದೂ ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸತಕ್ಕವರು ಪಾಲಕರೆಂದೂ ಹೇಳಿತು. ಅಂದರೆ ಹೊಣೆ ತಿರುಗಿ ನಮ್ಮ ಹೆಗಲಿಗೇ ಬಂತು. ಹೇರಿಕೆಯಿಲ್ಲದಿದ್ದಾಗಲೇ ಪಾಲಕರ ವಿವೇಕ ಪರೀಕ್ಷೆಗೆ ಒಳಗಾಗುವುದು.

ಇನ್ನೊಂದು ಮಾತು. ಗಡಿಯಾಚೆಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಕನ್ನಡದ ಮಕ್ಕಳು ಕನ್ನಡ ಶಾಲೆಗಳಲ್ಲಿ ಓದುತ್ತಾರೆ. ಆ ಶಾಲೆಗಳು ಉಳಿಯಬೇಕೆಂದು ನಾವು ಸಭೆಗಳಲ್ಲಿ ಒತ್ತಾಯಿಸುತ್ತೇವೆ, ಒತ್ತಾಯಿಸುವುದು ನ್ಯಾಯವೇ. ಹಾಗಾದರೆ ಗಡಿಯ ಈಚೆಗಿರುವ ಮರಾಠಿ ಮಗುವಿಗೆ, ಉರ್ದು ಮಗುವಿಗೆ, ತಾಂಡೆಯ ಮಗುವಿಗೆ ಅದೇ ನ್ಯಾಯವನ್ನು ಸಲ್ಲಿಸಬೇಕಾದವರು ಯಾರು?

ಒಂದೇ ಪಂಕ್ತಿ, ಬೇರೆ ತಟ್ಟೆ

ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆ ನಿಂತ ಶರಣಬಸವೇಶ್ವರರು ದಾಸೋಹವನ್ನೇ ಬದುಕಾಗಿಸಿಕೊಂಡ ಮಹಾತ್ಮರು. ಹೊಲಕ್ಕಿಳಿದ ಹಕ್ಕಿಗಳನ್ನೂ ಅವರು ಓಡಿಸುತ್ತಿರಲಿಲ್ಲವೆಂಬ ಐತಿಹ್ಯವನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಇಂದಿಗೂ ಹೇಳುತ್ತಾರೆ. ಯಾವ ಹಕ್ಕಿ, ಯಾರ ಹಕ್ಕಿ ಎಂದು ಅವರು ಕೇಳಲಿಲ್ಲ. 2002ರಲ್ಲಿ ಕರ್ನಾಟಕ ಸರ್ಕಾರವು ಮೊದಲು ಈ ಭಾಗದ ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟವನ್ನು ಆರಂಭಿಸಿದಾಗ ಆ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟದ್ದು ಶರಣ ಪರಂಪರೆಯ ಶಬ್ದವನ್ನು ಆಯ್ದುಕೊಂಡೇ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡುವ ಕ್ರಮ ಜಾರಿಗೆ ಬಂತು, ತಿನ್ನದವರಿಗೆ ಬಾಳೆಹಣ್ಣು. ನಮ್ಮ ಸಮಾಜದ ಕೆಲವು ಮಠಾಧೀಶರು ಅದನ್ನು ವಿರೋಧಿಸಿದರು. ಈ ಭಾಗದ ಮಕ್ಕಳ ಅಪೌಷ್ಟಿಕತೆಯನ್ನು ಕಂಡವರು ಅದನ್ನು ಸಮರ್ಥಿಸಿದರು. ಆ ವಾದವನ್ನು ಇಲ್ಲಿ ಮತ್ತೆ ಎತ್ತುವುದು ನನ್ನ ಉದ್ದೇಶವಲ್ಲ. ದೊಡ್ಡವರ ವಾದದ ನಡುವೆ ಪಂಕ್ತಿಯಲ್ಲಿ ಅಕ್ಕಪಕ್ಕ ಕುಳಿತ ಇಬ್ಬರು ಮಕ್ಕಳು ಮರೆತುಹೋದರೆಂಬುದೇ ನನ್ನ ಚಿಂತೆ. ಒಬ್ಬನ ತಟ್ಟೆಯಲ್ಲಿ ಮೊಟ್ಟೆ, ಇನ್ನೊಬ್ಬನ ತಟ್ಟೆಯಲ್ಲಿ ಬಾಳೆಹಣ್ಣು. ‘ಛೀ’ ಎಂಬ ಶಬ್ದ ಅವರಿಬ್ಬರಿಗೂ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಕಲಿಸುವವರು ಮನೆಯ ಹಿರಿಯರು.

ಮಾಂಸಾಹಾರವನ್ನು ವರ್ಜಿಸುವುದು ನಮ್ಮ ಮನೆಗಳ ಆಚಾರ. ಅದನ್ನು ಮಗುವಿಗೆ ಪ್ರೀತಿಯಿಂದ, ದೃಢವಾಗಿ ಹೇಳಿಕೊಡಬೇಕು. ‘ನಮ್ಮ ಮನೆಯಲ್ಲಿ ಇದನ್ನು ತಿನ್ನುವುದಿಲ್ಲ, ಅವರ ಮನೆಯಲ್ಲಿ ತಿನ್ನುತ್ತಾರೆ’ ಎಂಬಷ್ಟೇ ಮಾತು ಮೂರು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಅದಕ್ಕೆ ಹೇಸಿಗೆಯ ಒಗ್ಗರಣೆ ಬೇಕಿಲ್ಲ. ಪದಾರ್ಥ ಬೇರೆಯಾದರೆ ಪಂಕ್ತಿಭೇದವಾಗುವುದಿಲ್ಲ; ಮನುಷ್ಯರನ್ನು ಎಬ್ಬಿಸಿ ಬೇರೆ ಕೂಡಿಸಿದರೆ ಪಂಕ್ತಿಭೇದವಾಗುತ್ತದೆ. ಈ ಅಂತರವನ್ನು ಹನ್ನೆರಡನೆಯ ಶತಮಾನದಲ್ಲಿಯೇ ತಿಳಿದ ಪರಂಪರೆಯವರು ನಾವು. ಅಡುಗೆ ಮಾಡುವ ಸಹಾಯಕಿ ಯಾವ ಕೇರಿಯವಳೆಂದು ವಿಚಾರಿಸಿ ಮಗುವಿಗೆ ‘ಅಲ್ಲಿ ಉಣಬೇಡ’ ಎಂದು ಕಿವಿಯಲ್ಲಿ ಹೇಳಿ ಕಳಿಸುವ ಮನೆಯಲ್ಲಿ ಬಸವ ಜಯಂತಿಯ ಪಾನಕಕ್ಕೆ ಯಾವ ಅರ್ಥ ಉಳಿಯುತ್ತದೆ?

ಎಡಗೈ, ತೊದಲು, ಕುರುಡು

ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಬೆರಳಿಗೆ ಹೊಡೆಯುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಲಿಂಗವಂತರ ಮನೆಯಲ್ಲಿ ಇದು ನಡೆಯಬಾರದ ಕೃತ್ಯ. ಇಷ್ಟಲಿಂಗವನ್ನು ನಾವು ಬಿಜಯಂಗೈಸಿಕೊಳ್ಳುವುದು ಎಡ ಅಂಗೈಯ ಮೇಲೆಯೇ ಅಲ್ಲವೆ? ದೇವರಿಗೆ ಪೀಠವಾಗುವ ಕೈ ಅಕ್ಷರಕ್ಕೆ ಅಪಾತ್ರವಾದೀತೆ? ಎಡಗೈ ಬಳಸುವುದು ಆ ಮಗುವಿನ ದೇಹದ ಸಹಜ ಧರ್ಮ. ರೋಗವೂ ಅಲ್ಲ, ಹಟವೂ ಅಲ್ಲ.

ತೊದಲುವ ಮಗು, ತಡವಾಗಿ ನಡೆಯುವ ಮಗು, ಕಿವಿ ಕೇಳದ ಮಗು, ಕಣ್ಣು ಕಾಣದ ಮಗು ಇವರೆಲ್ಲರ ವಿಷಯದಲ್ಲಿಯೂ ನಮ್ಮ ಪರಂಪರೆಯು ಕಾನೂನಿಗಿಂತ ಮುಂಚೆಯೇ ದಾರಿ ತೋರಿಸಿದೆ. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ತೀರದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು (1867-1930) ಹಾನಗಲ್ಲ ಸೀಮೆಯ ಇಬ್ಬರು ಅಂಧ ಸಹೋದರರ ಗಾಯನವನ್ನು ಕೇಳಿ, ಅವರ ಪೋಷಣೆಯ ಹೊಣೆ ಹೊತ್ತರು. ಅವರಲ್ಲೊಬ್ಬರು ಮುಂದೆ ಪಂಚಾಕ್ಷರ ಗವಾಯಿಗಳೆಂದು (1892-1944) ನಾಡಿಗೆ ಪರಿಚಿತರಾದರು. ಅವರ ಶಿಷ್ಯರೇ ಶೈಶವದಲ್ಲಿ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914-2010). ಗದುಗಿನ ವೀರೇಶ್ವರ ಪುಣ್ಯಾಶ್ರಮವು ಅಂಧರಿಗೂ ಅನಾಥರಿಗೂ ಸಂಗೀತದ ಮನೆಯಾಯಿತು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಕುಮಾರ ಸ್ವಾಮಿಗಳು ಆ ಬಾಲಕರ ಕಣ್ಣಿನಲ್ಲಿ ಇಲ್ಲದ್ದನ್ನು ಎಣಿಸುತ್ತ ಕುಳಿತಿದ್ದರೆ ಕನ್ನಡ ನಾಡಿನ ಸಂಗೀತ ಎಷ್ಟು ಬಡವಾಗುತ್ತಿತ್ತು!

ಇಂದು ಕಾನೂನೂ ಬೆಂಬಲಕ್ಕಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. 2023ರ ನವೆಂಬರ್ 28ರಂದು ಕೇಂದ್ರ ಸರ್ಕಾರವು ಅಂಗನವಾಡಿಗಳಲ್ಲಿ ದಿವ್ಯಾಂಗ ಮಕ್ಕಳನ್ನು ಬೇಗ ಗುರುತಿಸಿ ಒಳಗೊಳ್ಳುವ ಕ್ರಮಸೂಚಿಯನ್ನು ಹೊರತಂದಿತು. ಆದರೆ ಮಗುವನ್ನು ‘ದೃಷ್ಟಿ ಆಗುತ್ತದೆ, ಜನ ನಗುತ್ತಾರೆ’ ಎಂದು ಮನೆಯ ಒಳಕೋಣೆಯಲ್ಲಿಯೇ ಇಟ್ಟರೆ ಯಾವ ಕ್ರಮಸೂಚಿಯೂ ಅದನ್ನು ತಲುಪದು. ಮೊದಲ ಹೆಜ್ಜೆ ಹೊಸ್ತಿಲು ದಾಟಿಸುವುದು.

ಅಂಗಳಕ್ಕೆ ಬಂದ ಶಾಲೆ

‘ಅಂಗನವಾಡಿ’ ಎಂಬ ಹೆಸರಿನಲ್ಲಿಯೇ ಒಂದು ತತ್ತ್ವವಿದೆ. ತಾರಾಬಾಯಿ ಮೋಡಕ್ (1892-1973) ಮತ್ತು ಅವರ ಸಹವರ್ತಿ ಅನುತಾಯಿ ವಾಘ್ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಆ ಬಳಿಕ 1957ರಿಂದ ಕೋಸಬಾಡದ ವಾರಲಿ ಬುಡಕಟ್ಟಿನ ನಡುವೆ ಶಿಶುಶಿಕ್ಷಣವನ್ನು ನಡೆಸಿದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಬೇಕೆಂಬುದು ಅವರ ಕ್ರಮ. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲಿಯೇ ಪಾಠ ನಡೆಯಿತು. ಹೊಸ ಆಟಿಕೆಗಳ ಬದಲು ಬೀಜ, ಎಲೆ, ಕಲ್ಲು, ಮಣ್ಣು ಬಂದವು. ವಿದೇಶದ ವಿದ್ವಾಂಸೆ ಮಾರಿಯಾ ಮಾಂಟೆಸೊರಿಯವರ ವಿಚಾರಗಳನ್ನು ಅವರು ಗೌರವಿಸಿದರು. ಆದರೆ ಮಗುವನ್ನು ಪದ್ಧತಿಗೆ ತಕ್ಕಂತೆ ಕತ್ತರಿಸದೆ ಪದ್ಧತಿಯನ್ನು ಮಗುವಿಗೆ ತಕ್ಕಂತೆ ಹೊಲಿದರು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಬ್ಲಾಕುಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊಳೆತ ‘ನಲಿ-ಕಲಿ’ ಪದ್ಧತಿಯೂ ಇದೇ ವಿವೇಕದ ಫಲ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಮೆಟ್ಟಿಲೇರಬೇಕು, ಹತ್ತು ದಿನ ತಪ್ಪಿಸಿಕೊಂಡ ಮಗು ಬಂದಾಗ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯಬೇಕು ಎಂಬುದು ಅದರ ಸಾರ.

ಈ ಸಾರ ನಮ್ಮ ಮೂರು ತಾಲೂಕುಗಳಿಗೆ ಬಹಳ ಅಗತ್ಯ. ಆಳಂದ ತಾಲೂಕಿನ ಭೂಸನೂರು, ಅಫಜಲಪುರ ತಾಲೂಕಿನ ಹಾವಳಗಾ ಮುಂತಾದೆಡೆ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಡಿಯುವವರ ಟೋಳಿಗಳು ಗುಡಿಸಲು ಹಾಕುತ್ತವೆ. ಅದೇ ಕಾಲದಲ್ಲಿ ನಮ್ಮ ತಾಂಡೆಗಳ ಕುಟುಂಬಗಳು ಪುಣೆ, ಮುಂಬಯಿ ಕಡೆಗೆ ದುಡಿಯಲು ಹೋಗುತ್ತವೆ. ಗುಡಿಸಲಿನ ಮಗು ನಾಲ್ಕು ತಿಂಗಳಿಗೆ ಬಂದದ್ದೆಂದು ದಾಖಲೆಯ ಹೊರಗೆ ಉಳಿಯಬಾರದು. ತಾಂಡೆಯ ಮಗು ನಾಲ್ಕು ತಿಂಗಳು ಇರಲಿಲ್ಲವೆಂದು ಹಿಂದೆ ಬೀಳಬಾರದು. ಊರಿನ ಹಿರಿಯರು ಒಂದು ಮಾತು ಆಡಿದರೆ ಇದು ಆಗುವ ಕೆಲಸ.

ಖಾಲಿಯಾಗುತ್ತಿರುವ ಚಾಪೆ

ಈಗ ಎಲ್ಲಕ್ಕಿಂತ ಕಠಿಣವಾದ ವಿಷಯಕ್ಕೆ ಬರುತ್ತೇನೆ. ಬೆಳಗಾದರೆ ನಮ್ಮ ಊರುಗಳಿಗೆ ಪೇಟೆಯ ಖಾಸಗಿ ಶಾಲೆಗಳ ವಾಹನಗಳು ಬರುತ್ತವೆ. ಹೊಲ-ಮನೆ ಉಳ್ಳ ಕುಟುಂಬಗಳ ಮೂರು ವರ್ಷದ ಮಕ್ಕಳು ಟೈ ಕಟ್ಟಿಕೊಂಡು ಆ ವಾಹನ ಏರುತ್ತಾರೆ. ಅವರಲ್ಲಿ ನಮ್ಮ ಸಮಾಜದ ಮಕ್ಕಳ ಪಾಲು ದೊಡ್ಡದು. ಅಂಗನವಾಡಿಯ ಚಾಪೆಯ ಮೇಲೆ ಉಳಿಯುವವರು ಕೂಲಿಕಾರರ ಮಕ್ಕಳು, ತಾಂಡೆಯ ಮಕ್ಕಳು, ಕೇರಿಯ ಮಕ್ಕಳು. ಒಂದೇ ಬಾವಿಯ ನೀರು ಕುಡಿದು ಬೆಳೆದ ಊರಿನ ಮಕ್ಕಳು ಅಕ್ಷರ ಕಲಿಯುವ ಮೊದಲೇ ಎರಡು ದಾರಿಗೆ ಬೀಳುತ್ತಾರೆ.

ಪಾಲಕರನ್ನು ದೂಷಿಸುವುದು ಸುಲಭ, ಆದರೆ ಅನ್ಯಾಯ. ಅವರ ಅಂಜಿಕೆಗೆ ಆಧಾರವಿದೆ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ನಮ್ಮ ಜಿಲ್ಲೆಯದು ಶೇ. 64.85. 2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಮೊದಲ ಸುತ್ತಿನಲ್ಲಿ ಕಲಬುರಗಿ ಜಿಲ್ಲೆ ಶೇ. 42.43 ಫಲಿತಾಂಶದೊಂದಿಗೆ ಕೊನೆಯ ಸ್ಥಾನದಲ್ಲಿ ನಿಂತಿತು. ಅಂಗನವಾಡಿಯ ಕಾರ್ಯಕರ್ತೆಯ ಹೆಗಲ ಮೇಲೆ ತೂಕ ಮಾಡುವುದರಿಂದ ಸಮೀಕ್ಷೆಯವರೆಗೆ ಹತ್ತಾರು ಕೆಲಸಗಳಿವೆ. ಕಲಿಸುವುದಕ್ಕೆ ಉಳಿಯುವ ಹೊತ್ತು ಕಡಿಮೆ. 2024ರಲ್ಲಿ ಕಲ್ಯಾಣ ಕರ್ನಾಟಕದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿಗಳನ್ನು ತೆರೆಯಲು ಹೊರಟಾಗ, ಅಂಗನವಾಡಿಗಳು ಬರಿದಾಗುತ್ತವೆಂದು ಕಾರ್ಯಕರ್ತೆಯರು ಬೀದಿಗಿಳಿದದ್ದೂ ಈ ಸಂಕಟದ ಇನ್ನೊಂದು ಮುಖ.

ಆದರೆ ವಾಹನ ಏರಿದ ಮಗುವಿಗೆ ಸಿಗುವುದೇನೆಂದೂ ಕೇಳಿಕೊಳ್ಳಬೇಕು. ಮನೆಯಲ್ಲಿ ಯಾರೂ ಆಡದ ಇಂಗ್ಲಿಷಿನಲ್ಲಿ ಅದು ಪದ್ಯಗಳನ್ನು ಒಪ್ಪಿಸುತ್ತದೆ; ಕೇಳಿದವರು ಹಿಗ್ಗುತ್ತಾರೆ. ಅದರ ಅರ್ಥ ಅದಕ್ಕೂ ತಿಳಿಯದು, ಅಜ್ಜಿಗೂ ತಿಳಿಯದು. ಉರ್ದು ಮಾಧ್ಯಮದ ಕಾಲದಲ್ಲಿ ನಮ್ಮ ಹಿರಿಯರು ಅನುಭವಿಸಿದ ಮೌನವನ್ನೇ ನಾವು ಈಗ ಹಣ ಕೊಟ್ಟು ಮಕ್ಕಳಿಗೆ ತರುತ್ತಿದ್ದೇವೆ. ಇಂಗ್ಲಿಷ್ ಬೇಡವೆಂದು ನಾನು ಹೇಳಲಾರೆ. ಅದು ಅನ್ನದ ಭಾಷೆ, ಕಲಿಯಲೇಬೇಕು. ಮನೆಮಾತಿನ ಗಟ್ಟಿ ನೆಲದ ಮೇಲೆ ನಿಂತ ಮಗು ಅದನ್ನು ಒಂದೊಂದೇ ಹೆಜ್ಜೆಯಿಟ್ಟು ಕಲಿಯುತ್ತದೆ. ನೆಲವೇ ಇಲ್ಲದವನಿಗೆ ಏಣಿ ಕೊಟ್ಟರೆ ಎಲ್ಲಿ ಊರಬೇಕು?

ಇನ್ನು ಅಂಗನವಾಡಿಗೆ ಆಗುವ ನಷ್ಟವೂ ದೊಡ್ಡದು. ಪಂಚಾಯಿತಿಯಲ್ಲಿ ಮಾತು ನಡೆಯುವ ಮನೆಗಳ ಮಕ್ಕಳು ಅಲ್ಲಿಲ್ಲದಿದ್ದರೆ ಸೋರುವ ಛಾವಣಿಯ ಬಗ್ಗೆ ಕೇಳುವವರು ಯಾರು? ಪ್ರತಿ ಅಂಗನವಾಡಿಗೂ ಒಂದು ಬಾಲವಿಕಾಸ ಸಮಿತಿ ಇರುತ್ತದೆ. ಅದರ ಸಭೆಗೆ ನಮ್ಮ ಮನೆಗಳ ತಾಯಂದಿರು ಹೋಗುತ್ತಾರೆಯೇ? ಉಳ್ಳವರು ಎದ್ದು ಹೋದ ಶಾಲೆ ಬಡವರ ಶಾಲೆಯಾಗುತ್ತದೆ; ಬಡವರ ಶಾಲೆಯೆಂದು ಹೆಸರಾದದ್ದು ಬಡ ಶಾಲೆಯೇ ಆಗಿಬಿಡುತ್ತದೆ.

ನಮ್ಮ ಮಠಗಳೂ ಸಂಘ-ಸಂಸ್ಥೆಗಳೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು (1907-2019) ಜಾತಿ-ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಆ ಹೆಸರನ್ನು ವೇದಿಕೆಗಳಲ್ಲಿ ಸ್ಮರಿಸುವ ಸಂಸ್ಥೆಗಳು ತಮ್ಮ ಶಿಶುವಿಹಾರದ ಪ್ರವೇಶದ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ. ಅಲ್ಲಿ ತಾಂಡೆಯ ಮಗು ಎಷ್ಟು, ಕೇರಿಯ ಮಗು ಎಷ್ಟು, ಮುಸಲ್ಮಾನರ ಮಗು ಎಷ್ಟು, ಅಂಗವಿಕಲ ಮಗು ಎಷ್ಟು? ಶುಲ್ಕವೇ ಜರಡಿಯಾದರೆ ಅದು ಜಾತಿಯ ಜರಡಿಗಿಂತ ಯಾವ ವಿಧದಲ್ಲಿ ಮೇಲು?

ಸಂಸ್ಕಾರ ಕರಗುವುದೆಂಬ ಭಯ

‘ಎಲ್ಲರೊಡನೆ ಬೆರೆತರೆ ನಮ್ಮ ಮಗುವಿನ ಸಂಸ್ಕಾರ ಉಳಿಯುವುದೇ?’ ಎಂದು ಕೇಳುವ ತಾಯಂದಿರುಂಟು. ಪ್ರಶ್ನೆ ಪ್ರಾಮಾಣಿಕವಾದದ್ದು, ಉತ್ತರವೂ ನಮ್ಮ ಧರ್ಮದೊಳಗೇ ಇದೆ. ಗುರುವು ಇಷ್ಟಲಿಂಗವನ್ನು ಪ್ರತಿಯೊಬ್ಬರ ಅಂಗೈಗೆ ಬೇರೆ ಬೇರೆಯಾಗಿ ಕರುಣಿಸುತ್ತಾನೆ. ಗಂಡನ ಲಿಂಗವನ್ನು ಹೆಂಡತಿ ಪೂಜಿಸುವುದಿಲ್ಲ, ತಂದೆಯ ಲಿಂಗವನ್ನು ಮಗ ಪೂಜಿಸುವುದಿಲ್ಲ. ಒಂದೇ ಮನೆಯಲ್ಲಿ ಕೂತು ಪ್ರತಿಯೊಬ್ಬರೂ ತಮ್ಮದನ್ನು ತಾವು ಪೂಜಿಸುತ್ತಾರೆ. ಯಾರ ನಿಷ್ಠೆಯೂ ಇನ್ನೊಬ್ಬರ ನಿಷ್ಠೆಯಿಂದ ಕೆಡುವುದಿಲ್ಲ. ತನ್ನ ಕೊರಳಿನ ಲಿಂಗವನ್ನು ಅರಿತು ಧರಿಸಿದ ಮಗು ಪಕ್ಕದವನ ತಾಯತವನ್ನು ನೋಡಿ ಬೆದರುವುದಿಲ್ಲ, ನಗುವುದೂ ಇಲ್ಲ.

ಅನುಭವ ಮಂಟಪದ ಶರಣರನ್ನು ನೆನೆಯೋಣ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ ತಮ್ಮ ತಮ್ಮ ಕಾಯಕವನ್ನು ಬಿಟ್ಟು ಬಂದವರಲ್ಲ. ಕಾಯಕದ ಅನುಭವವನ್ನು ಹೊತ್ತು ಬಂದವರು. ಬಸವಣ್ಣನವರು ತಮ್ಮ ಅಂಕಿತವನ್ನು ಯಾರ ಮೇಲೂ ಹೊರಿಸಲಿಲ್ಲ. ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡ. ನಮ್ಮ ಜೇವರ್ಗಿಯ ಷಣ್ಮುಖ ಶಿವಯೋಗಿಗಳದು ಅಖಂಡೇಶ್ವರ. ಅಂಕಿತಗಳು ಬೇರೆಯಾದದ್ದರಿಂದ ವಚನ ಸಾಹಿತ್ಯ ಒಡೆದುಹೋಗಲಿಲ್ಲ, ಬೆಳೆಯಿತು. ಮೂರು ವರ್ಷದ ಮಗುವಿಗೂ ಒಂದು ಅಂಕಿತವಿರುತ್ತದೆ. ಅದನ್ನು ಅಳಿಸಿ ನಮ್ಮದನ್ನು ಬರೆಯುವುದು ಶಿಕ್ಷಣವಲ್ಲ.

ಮನೆಯಲ್ಲಿ ಮಾಡಬೇಕಾದದ್ದು

ಗೃಹಸ್ಥರು ಇಂದಿನಿಂದಲೇ ಮಾಡಬಹುದಾದ ಕೆಲಸಗಳು ಬಹಳ ಸರಳ. ಮಗುವಿನ ಮುಂದೆ ಯಾರನ್ನೂ ಜಾತಿಯ ಹೆಸರಿನಿಂದ, ಅಂಗದ ಊನದಿಂದ ಗುರುತಿಸಿ ಮಾತಾಡಬಾರದು. ‘ಆ ಕುಂಟ’, ‘ಆ ತೊದಲ’ ಎಂಬ ಮಾತು ಹಿರಿಯರ ಬಾಯಿಯಿಂದ ಉದುರಿದರೆ ಮಗು ಅದನ್ನು ಆಯ್ದುಕೊಳ್ಳುತ್ತದೆ. ಅಣ್ಣನೊಡನೆ ತಮ್ಮನನ್ನು, ನೆರೆಮನೆಯ ಮಗುವಿನೊಡನೆ ನಮ್ಮ ಮಗುವನ್ನು ಹೋಲಿಸಿ ಜರೆಯಬಾರದು. ಐದು ಬೆರಳು ಸಮವಿಲ್ಲದ್ದರಿಂದಲೇ ಕೈ ತುತ್ತು ಹಿಡಿಯುತ್ತದೆ. ಗಂಡು ಮಗು ಕಸ ಹೊಡೆದರೆ, ಹೆಣ್ಣು ಮಗು ಗಾಲಿ ಉರುಳಿಸಿದರೆ ನಗಬಾರದು.

ಎಳ್ಳ ಅಮಾವಾಸ್ಯೆಯಂದು ನಾವು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಂದವರಿಗೆಲ್ಲ ಭಜ್ಜಿ, ರೊಟ್ಟಿ, ಕಡಬು ಬಡಿಸುವ ಪದ್ಧತಿಯುಂಟು. ಆ ದಿನ ಅಂಗನವಾಡಿಯ ಎಲ್ಲ ಮಕ್ಕಳನ್ನೂ ಕರೆಯಿರಿ. ಅವರ ಹಬ್ಬಕ್ಕೆ ಕರೆದಾಗ ನಮ್ಮ ಮಗುವನ್ನು ಕಳಿಸಿರಿ. ಉಣ್ಣುವ ವಿಷಯದಲ್ಲಿ ನಮ್ಮ ನಿಯಮವನ್ನು ವಿನಯದಿಂದ ಹೇಳಿದರೆ ಯಾರೂ ಬೇಸರಪಡರು. ಊರಿನ ಅಜ್ಜಿಯರು ವಾರಕ್ಕೊಮ್ಮೆ ಅಂಗನವಾಡಿಗೆ ಹೋಗಿ ಕಥೆ ಹೇಳಲಿ. ತಾಂಡೆಯ ಅಜ್ಜಿಯೂ ಬಂದು ತನ್ನ ಮಾತಿನಲ್ಲಿ ಹಾಡಲಿ. ಕಾರ್ಯಕರ್ತೆಗೆ ತಾಂಡೆಯ ಹತ್ತು ಶಬ್ದ, ಉರ್ದುವಿನ ಹತ್ತು ಶಬ್ದ ಕಲಿಯಲು ಒಂದು ವಾರ ಸಾಕು.

ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಬರುವ ಜೂನ್ ತಿಂಗಳಲ್ಲಿ ಮಗುವನ್ನು ಎಲ್ಲಿ ಸೇರಿಸಬೇಕೆಂದು ನಿರ್ಧರಿಸುವ ಮೊದಲು ನಿಮ್ಮ ಊರಿನ ಅಂಗನವಾಡಿಯಲ್ಲಿ ಒಂದು ಮುಂಜಾನೆ ಕುಳಿತು ಬನ್ನಿ. ಯಾವ ಮಗು ಚೆನ್ನಾಗಿ ಹಾಡುತ್ತದೆಂದು ನೋಡಬೇಡಿ. ಯಾವ ಮಗು ಮಾತೇ ಆಡುತ್ತಿಲ್ಲವೆಂದು ನೋಡಿ. ಅದರ ಪಕ್ಕದಲ್ಲಿ ಕುಳಿತು ಅದರ ಹೆಸರನ್ನು ಕೇಳಿ, ಅದರ ಮನೆಯವರು ಕರೆಯುವ ಹಾಗೆಯೇ ಆ ಹೆಸರನ್ನು ಕರೆಯಿರಿ. ಆಮೇಲೆ ಮನೆಗೆ ಬಂದು ನಿರ್ಧರಿಸಿ. ಶರಣು.